ಅಪಕೀರ್ತಿಭೇದ ನಿರೂಪಣೆ

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಪತ್ತೇದಾರಿ ಕಥೆಗಳಲ್ಲಿ ಕೊಲೆ ಸಾಮಾನ್ಯ ಅಪರಾಧ, ಅಪಕೀರ್ತಿ ಮಹಾಪಾತಕ. ಹುಟ್ಟನ್ನು ಹಿಡಿದು ಇದು ನಾಲ್ಕು ಬಗೆ: ವಸ್ತ್ರಜ, ಪತ್ರಜ, ವಿವಾಹಜ, ವೃತ್ತಿಜ.

ಇವುಗಳಲ್ಲಿ ವಸ್ತ್ರಜವೇ ಶ್ರೇಷ್ಠ. 1860ರಲ್ಲಿ ರೋಡ್ ಹಿಲ್ ಮನೆಯ ಮಗುವಿನ ಕೊಲೆ ನಿಜವಾಗಿಯೇ ನಡೆದಾಗ ಇನ್‌ಸ್ಪೆಕ್ಟರ್ ವಿಚರ್ ಕಾಣೆಯಾದೊಂದು ರಾತ್ರಿಯುಡುಪಿನ ಜಾಡು ಹಿಡಿದು, ಆ ಮನೆಯದೇ ಹದಿನಾರರ ಹುಡುಗಿ ಕಾನ್‌ಸ್ಟನ್ಸ್ ಕೆಂಟಳನ್ನು ಬಂಧಿಸಿದ. ಕುಲೀನರ ಮಗಳ ಒಳಬಟ್ಟೆಯ ಲೆಕ್ಕ ಕೇಳಲು ಈ ಪೊಲೀಸಿನವನು ಯಾರು ಎಂದು ಜನ ಅವನನ್ನೇ ಹರಿದು ಮುಕ್ಕಿದರು. 1865ರಲ್ಲಿ ಅವಳೇ ತಪ್ಪೊಪ್ಪಿಕೊಂಡಳು. ವಿಲ್ಕಿ ಕಾಲಿನ್ಸ್ ಆ ಬಟ್ಟೆಯನ್ನು ಎತ್ತಿಕೊಂಡು ‘ದಿ ಮೂನ್‌ಸ್ಟೋನ್’ (1868) ಬರೆದ. ಅಲ್ಲಿ ಮನೆಮಗಳ ಕೋಣೆಯಿಂದ ವಜ್ರವೊಂದು ಕಾಣೆಯಾದಾಗ ಪತ್ತೇದಾರ ಸಾರ್ಜೆಂಟ್ ಕಫ್ ಬಾಗಿಲಿನ ಹಸಿ ಬಣ್ಣ ಒಂದಿಷ್ಟು ಕದಡಿದ್ದನ್ನು ಕಂಡು, ಅಗಸಗಿತ್ತಿಯ ಲೆಕ್ಕದ ಪುಸ್ತಕ ತರಿಸುತ್ತಾನೆ. ಬಣ್ಣ ಮೆತ್ತಿದ ಅಂಗಿ ಯಾರದು? ಅವಿವಾಹಿತೆಯ ಕೋಣೆಗೆ ಮಧ್ಯರಾತ್ರಿ ಹೊಕ್ಕವನದು. ವಜ್ರ ಮಾತ್ರ 1799ರ ಶ್ರೀರಂಗಪಟ್ಟಣದ ಲೂಟಿಯಲ್ಲಿ ರಕ್ತ ಹರಿಸಿ ತಂದದ್ದು. ತಂದ ಕರ್ನಲ್‌ಗೆ ಬಂಧುಗಳು ಬಾಗಿಲು ಮುಚ್ಚಿದರು, ನಿಜ. ಆದರೆ ವಜ್ರಕ್ಕೆ ಬಾಗಿಲು ತೆರೆದೇ ಇತ್ತು, ಹುಟ್ಟುಹಬ್ಬದ ದಿನ ಮನೆಮಗಳ ಎದೆಯ ಮೇಲೆ ಮೆರೆಯಿತು. ಲೂಟಿಯ ಕಲೆ ಅಂಗಿಗೆ ಹತ್ತುವುದಿಲ್ಲವೆಂಬುದು ಈ ಶಾಸ್ತ್ರದ ಮೊದಲ ಸೂತ್ರ.

ಪತ್ರಜಕ್ಕೆ ಉದಾಹರಣೆ ಷರ್ಲಾಕ್ ಹೋಮ್ಸ್‌ ಎದುರಿಸಿದ ಮಿಲ್ವರ್ಟನ್. ರಾಣಿ ತೀರಿದ ಮೇಲೆ, 1904ರಲ್ಲಿ ಅಚ್ಚಾದ ಕಥೆ. ಆದರೂ ಜಾತಕ ಅವಳ ಕಾಲದ್ದೇ. ಹಳೆಯ ಪ್ರೇಮಪತ್ರಗಳನ್ನಿಟ್ಟುಕೊಂಡು ಹಣ ಹಿಂಡುವ ಅವನನ್ನು ಒಬ್ಬಾಕೆ ಗುಂಡಿಟ್ಟು ಕೊಂದಾಗ, ಪರದೆಯ ಹಿಂದಿದ್ದ ಹೋಮ್ಸ್ ಸುಮ್ಮನಿದ್ದು, ಕಾಗದಗಳನ್ನೆಲ್ಲ ಬೆಂಕಿಗೆ ಹಾಕುತ್ತಾನೆ.

ವಿವಾಹಜದಲ್ಲಿ ಗಂಡ ಬದುಕಿದ್ದೂ ಮತ್ತೊಂದು ಮದುವೆಯಾಗುವುದು ಮುಖ್ಯ. ಮೇರಿ ಎಲಿಜಬೆತ್ ಬ್ರಾಡನ್ನಳ ಲೇಡಿ ಆಡ್ಲಿ (1862) ಮೊದಲ ಗಂಡನನ್ನು ಬಾವಿಗೆ ತಳ್ಳಿದಳು. ಕೋರ್ಟಿಗೆ ಹೋದರೆ ಊರೆಲ್ಲ ಗುಲ್ಲು. ಆದ್ದರಿಂದ ಮನೆಯವರು ಅವಳನ್ನು ಬೆಲ್ಜಿಯಂನ ಹುಚ್ಚಾಸ್ಪತ್ರೆಗೆ ಸಾಗಿಸಿದರು.

ವೃತ್ತಿಜ ವಿರಳ, ಆದರೆ ಘೋರ. ಹೋಮ್ಸನ ಇನ್ನೊಂದು ಕಥೆಯಲ್ಲಿ ನೆವಿಲ್ ಸೇಂಟ್ ಕ್ಲೇರ್ ಎಂಬ ಗೃಹಸ್ಥ ಮುಖಕ್ಕೆ ಬಣ್ಣ ಬಳಿದುಕೊಂಡು ಲಂಡನ್ನಿನಲ್ಲಿ ಭಿಕ್ಷೆ ಬೇಡಿ, ವರದಿಗಾರನ ಸಂಬಳವನ್ನು ನಾಚಿಸುವಷ್ಟು ಗಳಿಸುತ್ತಿದ್ದ. ಕೊನೆಗೆ, ತನ್ನನ್ನು ತಾನೇ ಕೊಂದ ಆರೋಪದ ಮೇಲೆ ಲಾಕಪ್ಪಿನಲ್ಲಿ ಕೂತ. ನಾನೇ ಆ ಗೃಹಸ್ಥ ಎಂದೊಂದು ಮಾತು ಹೇಳಿದ್ದರೆ ಬಿಡುಗಡೆ. ಹೇಳಲಿಲ್ಲ, ಅಪ್ಪ ತಿರುಪೆಯವನೆಂದು ಮಕ್ಕಳಿಗೆ ಗೊತ್ತಾಗಿಬಿಡುತ್ತಿತ್ತಲ್ಲ!