ಲೋಕಿಕೆರೆ ಸಂಹಿತೆ: ಕಲಿಕಾ ವೈದ್ಯರ ಸಮೂಹಗಳಲ್ಲಿ ಹುದ್ದೆ ಹಾಗೂ ಸಂಶೋಧನಾ ಪ್ರಕಟಣೆಗಳ ನಿಯಂತ್ರಣ ಮೀಮಾಂಸೆ

(ಸ್ನಾತಕೋತ್ತರ ಪ್ರಬಂಧದ ವಿಷಯ ನೋಂದಣಿಗೆ ನಿಗದಿಯಾದ ನಮೂನೆಯಲ್ಲಿ ಸಾದರ)

1. ಅಭ್ಯರ್ಥಿಯ ಹೆಸರು: ವಾಟ್ಸಾಪ್ ಗುಂಪೊಂದರ ಅಡ್ಮಿನ್. ಮನೆಯವರು ಇಟ್ಟ ಹೆಸರೂ ಒಂದಿದೆ. ಗುಂಪಿನಲ್ಲಿ ಅದು ಚಲಾವಣೆಯಲ್ಲಿಲ್ಲ.

2. ಸಂಸ್ಥೆಯ ಹೆಸರು: ಊರು ಲೋಕಿಕೆರೆ, ದುಡಿಮೆ ದಾವಣಗೆರೆ. ಕಾಲೇಜಿನ ಹೆಸರು ಬರೆದರೆ ಕೆಳಗಿನ ಕಲಮಿನಲ್ಲಿ ಬೀಳಬೇಕಾದ ಸಹಿ ಬೀಳಲಾರದು. ಆದ್ದರಿಂದ ಬಿಟ್ಟಿದೆ.

3 ಮತ್ತು 4: ಅನ್ವಯಿಸುವುದಿಲ್ಲ.

5. ವಿಷಯದ ಶೀರ್ಷಿಕೆ: ಮೇಲಿರುವುದು ಸಂಕ್ಷಿಪ್ತ ರೂಪ. ಪೂರ್ಣರೂಪಕ್ಕೆ ‘ದಾವಣಗೆರೆಯ ತೃತೀಯ ಸ್ತರದ ಆರೈಕೆ ಕೇಂದ್ರವೊಂದರಲ್ಲಿ ನಡೆಸಿದ ಅಡ್ಡಕೊಯ್ತದ ಅಧ್ಯಯನ’ ಎಂಬ ಬಾಲವಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಬಾಲವಿಲ್ಲದ ಶೀರ್ಷಿಕೆ ಓಡಾಡುವುದು ಕ್ಷೇಮವಲ್ಲ.

6.1 ಅಧ್ಯಯನದ ಅಗತ್ಯ

‘ಈ ವಿಷಯದ ಬಗ್ಗೆ ಈ ಭಾಗದಲ್ಲಿ ಯಾವ ಅಧ್ಯಯನವೂ ನಡೆದಿಲ್ಲ’ ಎಂದು ಮೊದಲು ಬರೆಯತಕ್ಕದ್ದು. ಗ್ರಂಥಾಲಯದ ಮೆಟ್ಟಿಲು ಹತ್ತದೆ ಬರೆಯಬಹುದಾದ ವಾಕ್ಯ ಅದೊಂದೇ.

1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು ಶುರುವಾದಾಗಿನಿಂದ ದಾವಣಗೆರೆ ಬಿಳಿಕೋಟಿನವರ ಊರೂ ಹೌದು. ಚಿಗಟೇರಿ ಆಸ್ಪತ್ರೆ, ಬಾಪೂಜಿ ಆಸ್ಪತ್ರೆಗಳಲ್ಲಿ ಕೈ ಪಳಗಿಸಿಕೊಂಡ ಗೃಹವೈದ್ಯರು ಎಲ್ಲೆಲ್ಲಿಗೋ ಹೋಗಿ ನೆಲೆ ನಿಂತಿದ್ದಾರೆ. ಪ್ರಾಚೀನ ಯುಗದಲ್ಲಿ ‘ಡ್ಯೂಟಿ ಡಾಕ್ಟರ್ ಬೇಕಾಗಿದ್ದಾರೆ’ ಎಂಬ ಚೀಟಿ ಹಾಸ್ಟೆಲಿನ ನೋಟಿಸ್ ಬೋರ್ಡಿನಲ್ಲಿ ಗುಂಡುಪಿನ್ನಿಗೆ ನೇತಾಡುತ್ತಿತ್ತು. ಪಿನ್ನು ಕಿತ್ತರೆ ನಿಯಂತ್ರಣ ಮುಗಿಯಿತು. 2022ರಲ್ಲಿ ವಾಟ್ಸಾಪಿನವರು ಗುಂಪಿನ ಮಿತಿಯನ್ನು 1024ಕ್ಕೆ ಏರಿಸಿದ ಮೇಲೆ ಅದೇ ಚೀಟಿ ಸಾವಿರ ಜೇಬುಗಳಲ್ಲಿ ಒಟ್ಟಿಗೇ ನಡುಗುತ್ತದೆ. ಹೀಗಾಗಿ ಅಂತರ್ಜಾಲೀಯ ಕಲಿಕಾವೈದ್ಯ ಪರಿಸರದಲ್ಲಿನ ಪ್ರಕಟಣಾ ಸಂಕಥನದ ನಿಯಂತ್ರಣಾತ್ಮಕ ಆಯಾಮಗಳನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಅನುಸಂಧಾನಿಸುವುದು ಅನಿವಾರ್ಯವಾಗಿದೆ. ಅಂದರೆ, ಯಾವ ಮೆಸೇಜು ಇಡಬೇಕು, ಯಾವುದು ಅಳಿಸಬೇಕು ಅಂತ.

6.2 ಸಾಹಿತ್ಯ ಸಮೀಕ್ಷೆ

ಸಮೂಹಪಾಲನ (ಅಡ್ಮಿನ್ ಎಂದು ಗ್ರಾಮ್ಯರು) ಸ್ವರೂಪದ ಬಗ್ಗೆ ಎರಡು ಮತಗಳಿವೆ. ಅವನು ಪೊಲೀಸ್ ಠಾಣೆ, ನೌಕರಿ ಕಚೇರಿ, ನೈತಿಕ ಸಮಿತಿ ಮತ್ತು ಕಳೆದುಹೋದ ಸ್ಟೆತಾಸ್ಕೋಪುಗಳ ಪಾಲಕ ಎಂಬುದು ಸದಸ್ಯರ ಮತ. ಇದು ಪೂರ್ವಪಕ್ಷ. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ, ಉಳಿದವರಿಗಿಂತ ಅವನಿಗಿರುವ ಹೆಚ್ಚಿನ ಅಧಿಕಾರ ಸೇರಿಸುವುದು ಮತ್ತು ತೆಗೆಯುವುದು ಮಾತ್ರ ಎಂದು ಕೇರಳ ಹೈಕೋರ್ಟು 2022ರಲ್ಲಿ ಹೇಳಿತು. ಬಾಂಬೆ ಹೈಕೋರ್ಟಿನ ನಾಗಪುರ ಪೀಠದ್ದೂ ಅದೇ ಧಾಟಿ. ಇದು ಸಿದ್ಧಾಂತ. ಪಕ್ಕದ ಹರಿಹರದ ಹೊಯ್ಸಳರ ಕಾಲದ ಗುಡಿಯಲ್ಲಿ ಕಾಯುವವನೂ ಲಯ ಮಾಡುವವನೂ ಒಂದೇ ಮೂರ್ತಿಯ ಎಡಬಲಗಳಲ್ಲಿ ಹಂಚಿಕೊಂಡು ನಿಂತಿದ್ದಾರೆ. ಸಮೂಹಪಾಲನಲ್ಲಿ ಎಡವೂ ಹರ, ಬಲವೂ ಹರ.

6.3 ವರ್ಗೀಕರಣ

ಪ್ರಕಟಣೆಗಳು ಪಂಚವಿಧ: ತುರ್ತು, ಗುಪ್ತ, ಛಾಯಾ, ಯಾಚನಾ, ವಿಕ್ರಯ. ಇವು ಒಂದರೊಳಗೊಂದು ಬೆರೆತರೆ ಸನ್ನಿಪಾತ.

ತುರ್ತು ಪ್ರಕಟಣೆಯ ಲಕ್ಷಣ ಹೀಗಿದೆ. ‘ದಾವಣಗೆರೆ ಸಮೀಪದ ಪ್ರತಿಷ್ಠಿತ ಆಸ್ಪತ್ರೆಗೆ ರಾತ್ರಿ ಪಾಳಿಗೆ ಎಂಬಿಬಿಎಸ್ ವೈದ್ಯರು ತುರ್ತಾಗಿ ಬೇಕಾಗಿದ್ದಾರೆ. ಆಕರ್ಷಕ ಸಂಬಳ. ಊಟ, ವಸತಿ ಉಚಿತ. ಹೊಸಬರೂ ಸಂಪರ್ಕಿಸಬಹುದು.’ ಇದರಲ್ಲಿ ಆಸ್ಪತ್ರೆಯ ಹೆಸರಿಲ್ಲ. ಸಂಬಳದ ಅಂಕಿ ಇಲ್ಲ. ಪಾಳಿ ಎಷ್ಟು ಗಂಟೆಯದೆಂದೂ ಇಲ್ಲ. ಹರಿಹರ ಇಲ್ಲಿಂದ ಹದಿನಾಲ್ಕು ಕಿಲೋಮೀಟರು, ಅದು ಸಮೀಪವೇ. ಆದರೆ ಪ್ರಕಟಣಾ ಭೂಗೋಳದಲ್ಲಿ ಜಗಳೂರು, ಹೊನ್ನಾಳಿ, ಹರಪನಹಳ್ಳಿ, ರಾಣೆಬೆನ್ನೂರುಗಳೂ ಸಮೀಪವೇ. ಜಾಹೀರಾತು ನಂಬಿ ಬ್ಯಾಗು ಹೊತ್ತು ಹೊರಟವನಿಗೆ ಕೊನೆಯ ಬಸ್ಸು ತಪ್ಪಿದಾಗ ಮಾತ್ರ ಜಿಲ್ಲೆಯ ನಿಜವಾದ ಅಳತೆ ಗೊತ್ತಾಗುತ್ತದೆ. ಫೋನ್ ಮಾಡಿ ಸಂಬಳ ಎಷ್ಟು ಸರ್ ಎಂದರೆ, ‘ಬರ್ರಿ ಡಾಕ್ಟ್ರೆ, ಕೂತು ಮಾತಾಡೋಣ, ರೊಕ್ಕ ಎಲ್ಲಿ ಹೋಗುತ್ತೆ’ ಎಂಬ ಉತ್ತರ. ರೊಕ್ಕ ಎಲ್ಲಿಗೂ ಹೋಗುವುದಿಲ್ಲ ಎಂಬುದು ನಿಜ. ಇದ್ದಲ್ಲೇ ಇರುತ್ತದೆ.

‘ಹೊಸಬರು’ ಎಂಬಲ್ಲಿ ಇನ್ನೊಂದು ಸೂಕ್ಷ್ಮವಿದೆ. ಗೃಹವೈದ್ಯರಿಗಿರುವುದು ತಾತ್ಕಾಲಿಕ ನೋಂದಣಿ. ತರಬೇತಿಯ ಆಸ್ಪತ್ರೆ ಬಿಟ್ಟು ಹೊರಗೆ ಸ್ವತಂತ್ರವಾಗಿ ಚಿಕಿತ್ಸೆ ಕೊಡುವ ಹಾಗಿಲ್ಲ. ಇದು ಜಾಹೀರಾತು ಹಾಕಿದವರಿಗೂ ಗೊತ್ತು. ರಾತ್ರಿ ಎರಡಕ್ಕೆ ಏನಾದರೂ ಎಡವಟ್ಟಾದರೆ ಕೇಸ್ ಶೀಟಿನಲ್ಲಿರುವ ಅಕ್ಷರ ಆ ಹುಡುಗನದು, ಮಾಲೀಕರು ಮನೆಯಲ್ಲಿ ಮಲಗಿರುತ್ತಾರೆ. ‘ತುರ್ತು’ ಏಕೆಂದರೆ ಹಿಂದಿನ ಹುಡುಗ ಹಿಂದಿನ ವಾರವಷ್ಟೇ ಬಿಟ್ಟು ಹೋಗಿರುತ್ತಾನೆ.

ಗುಪ್ತ ಪ್ರಕಟಣೆಯನ್ನು ಮೇಲಿನದರಲ್ಲೇ ಅಡಕವೆಂದು ಭಾವಿಸತಕ್ಕದ್ದು.

ಛಾಯಾ ಪ್ರಕಟಣೆ ವೈದ್ಯಕೀಯ ಕಾಲೇಜುಗಳಿಗೆ ಅಧ್ಯಾಪಕರನ್ನು ಬೇಡುತ್ತದೆ. ಪಾಠ ಮಾಡುವುದಕ್ಕಲ್ಲ, ಪರಿವೀಕ್ಷಣೆಯ ದಿನ ಇರುವುದಕ್ಕೆ. ‘ವಾರಕ್ಕೆರಡು ದಿನ ಬಂದರೆ ಸಾಕು’ ಎಂಬ ಮಾತಿದ್ದರೆ ಇದೇ ಎಂದು ತಿಳಿಯಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗವು ಮೊದಲು ಬೆರಳಚ್ಚಿನ ಹಾಜರಾತಿ ತಂದಿತು. 2025ರ ಮೇ ತಿಂಗಳಿಂದ ಮುಖ ಗುರುತಿಸುವ ಹಾಜರಾತಿ ಬಂತು. ಆ ಮೇಲೆ ಜಾಹೀರಾತಿನ ಒಕ್ಕಣೆ ಬದಲಾಗಿದೆ, ಜಾಹೀರಾತು ನಿಂತಿಲ್ಲ.

ಯಾಚನಾ ಪ್ರಕಟಣೆ ಗೂಗಲ್ ಫಾರಂ ರೂಪದಲ್ಲಿ ಬರುತ್ತದೆ. ‘ಗೆಳೆಯರೇ, ಎರಡೇ ನಿಮಿಷ, ನನ್ನ ಥೀಸಿಸ್‌ಗೆ.’ ಮೂವತ್ತಾರು ಗಂಟೆಯ ಪಾಳಿಯ ಕೊನೆಯಲ್ಲಿರುವ ಹುಡುಗಿ ‘ನಿಮ್ಮ ನಿದ್ರೆಯ ಗುಣಮಟ್ಟವನ್ನು ಒಂದರಿಂದ ಐದರಲ್ಲಿ ಅಳೆಯಿರಿ’ ಎಂಬುದಕ್ಕೆ ಮೂರು ಒತ್ತಿ ಮುಂದಿನ ರಕ್ತ ತೆಗೆಯಲು ಏಳುತ್ತಾಳೆ. ದತ್ತಾಂಶ ಸಂಗ್ರಹವಾಯಿತು. ಇದನ್ನು ಅಳಿಸಬೇಕೇ ಇಡಬೇಕೇ ಎಂಬ ಬಗ್ಗೆ ಶಾಸ್ತ್ರ ಮೌನವಾಗಿದೆ. ನಾನು ಇಡುತ್ತೇನೆ, ಆ ಪಾಪದವನ ಗೈಡು ಯಾರೆಂದು ನನಗೆ ಗೊತ್ತು.

ಇನ್ನು ವಿಕ್ರಯ. ‘ಮೆಟಾ ಅನಾಲಿಸಿಸ್ ಸಿದ್ಧ. ಎರಡನೇ, ನಾಲ್ಕನೇ ಲೇಖಕರ ಸ್ಥಾನ ಖಾಲಿ. ಪಬ್‌ಮೆಡ್ ಗ್ಯಾರಂಟಿ. ದರಕ್ಕೆ ಇನ್‌ಬಾಕ್ಸ್.’ ಬಸ್ಸಿನ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವಂತೆ ಇಲ್ಲಿ ವಿಜ್ಞಾನದಲ್ಲಿ ಸೀಟು ಹಿಡಿಯುತ್ತಾರೆ. ವ್ಯತ್ಯಾಸವೆಂದರೆ ಬಸ್ಸಿನಲ್ಲಿ ಕೂತವನು ಊರಾದರೂ ಸೇರುತ್ತಾನೆ. 1978ರಲ್ಲಿ ವ್ಯಾಂಕೂವರಿನಲ್ಲಿ ಸೇರಿದ ಪತ್ರಿಕಾ ಸಂಪಾದಕರಿಂದ ಬೆಳೆದು ಬಂದ ಕೂಟವೊಂದು ಲೇಖಕ ಯಾರೆಂಬುದಕ್ಕೆ ನಾಲ್ಕು ಷರತ್ತು ಹೇಳಿದೆ: ಅಧ್ಯಯನದ ರೂಪರೇಷೆಯಲ್ಲೋ ದತ್ತಾಂಶದಲ್ಲೋ ಗಣನೀಯ ಪಾಲಿರಬೇಕು, ಬರೆದಿರಬೇಕು ಇಲ್ಲವೇ ವಿಮರ್ಶಿಸಿ ತಿದ್ದಿರಬೇಕು, ಅಂತಿಮ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು, ನಾಳೆ ಪ್ರಶ್ನೆ ಬಂದರೆ ಉತ್ತರ ಹೇಳಬೇಕು. ನಾಲ್ಕೂ ಇದ್ದರೆ ಲೇಖಕ. ಐದನೆಯದಾದ ಫೋನ್‌ಪೇ ಅಲ್ಲಿ ನಮೂದಾಗಿಲ್ಲ.

ಇಲ್ಲಿ ಹುಡುಗರನ್ನು ಬೈಯುವುದು ಸುಲಭ. ಅದಕ್ಕೇ ಎಲ್ಲರೂ ಅವರನ್ನೇ ಬೈಯುತ್ತಾರೆ. ಆದರೆ ಸಂತೆ ಕಟ್ಟಿದವರು ಅವರಲ್ಲ. 2015ರಲ್ಲಿ ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು, ಬಡ್ತಿಗೆ ಲೇಖನ ಬೇಕು, ಅದರಲ್ಲೂ ಮೊದಲ ಇಬ್ಬರು ಲೇಖಕರು ಮಾತ್ರ ಲೆಕ್ಕ ಎಂದಿತು. ಮುಂದೆ ಆಯೋಗದ 2022ರ ನಿಯಮದ ಹೊತ್ತಿಗೆ ಮೊದಲ ಮೂವರು ಅಥವಾ ಪತ್ರವ್ಯವಹಾರದ ಲೇಖಕ ಎಂದಾಯಿತು. ಮೂರನೇ ಸ್ಥಾನಕ್ಕೆ ಬೆಲೆ ಬಂದದ್ದು ಹೀಗೆ. ಸ್ನಾತಕೋತ್ತರ ವಿದ್ಯಾರ್ಥಿಗೆ ಪರೀಕ್ಷೆಗೆ ಕೂರಲು ಒಂದು ಲೇಖನ ಬೇಕೆಂಬ ಹಳೆಯ ನಿಯಮದಲ್ಲಿ ‘ಪ್ರಕಟವಾಗಿರಬೇಕು, ಸ್ವೀಕೃತವಾಗಿರಬೇಕು ಅಥವಾ ಕಳುಹಿಸಿರಬೇಕು’ ಎಂದಿತ್ತು. ಕಳುಹಿಸಿದರೆ ಸಾಕು! ಅಂಚೆಯವನ ಕೆಲಸವೂ ಸಂಶೋಧನೆಯಾಯಿತು. ಅಮೆರಿಕಕ್ಕೆ ಹೊರಟವರಿಗೆ 2022ರ ಜನವರಿಯಿಂದ ಅಲ್ಲಿನ ಮೊದಲ ಹಂತದ ಪರೀಕ್ಷೆಯಲ್ಲಿ ಅಂಕವೇ ಇಲ್ಲ, ಪಾಸು ಅಥವಾ ಫೇಲು. ಅಂಕ ತೋರಿಸಲಾಗದವನು ಲೇಖನಗಳ ಪಟ್ಟಿ ತೋರಿಸಬೇಕು. ಆ ಪಟ್ಟಿ ಉದ್ದ ಮಾಡಿಕೊಡುವವರು ಗುಂಪಿನ ಬಾಗಿಲಲ್ಲೇ ನಿಂತಿದ್ದಾರೆ. ಕಾಸು ಕೊಟ್ಟರೆ ಏನನ್ನೂ ಅಚ್ಚು ಹಾಕುವ ನಿಯತಕಾಲಿಕಗಳ ವ್ಯವಹಾರದಲ್ಲಿ ಹೈದರಾಬಾದಿನ ಒಮಿಕ್ಸ್ ಸಂಸ್ಥೆಗೆ ಅಮೆರಿಕದ ನ್ಯಾಯಾಲಯ 2019ರಲ್ಲಿ ಐದು ಕೋಟಿ ಡಾಲರಿಗೂ ಮಿಕ್ಕಿ ಕಟ್ಟುವಂತೆ ಹೇಳಿತು. ಅಷ್ಟು ದೊಡ್ಡ ನ್ಯಾಯಾಲಯಕ್ಕೆ ಕಷ್ಟವಾದದ್ದನ್ನು ಲೋಕಿಕೆರೆಯ ಅಡ್ಮಿನ್ ಊಟದ ವಿರಾಮದಲ್ಲಿ ‘ಎಲ್ಲರಿಗೂ ಅಳಿಸು’ ಒತ್ತಿ ಸರಿಮಾಡಬೇಕು.

ಪಂಚವಿಧದ ಉಪಭೇದಗಳನ್ನು ಕೋಷ್ಟಕದಲ್ಲಿ ಕೊಡುವ ಯೋಚನೆ ಇತ್ತು. ಬೇಡ.

7. ಸಾಮಗ್ರಿ ಮತ್ತು ವಿಧಾನ

ಸಮೂಹಗಳಲ್ಲಿ ಜಾರಿಯಲ್ಲಿರುವ ನಿಯಮಾವಳಿಯನ್ನು ಪರಿಶೀಲಿಸಲಾಯಿತು. ಹುದ್ದೆ ಪ್ರಕಟಣೆ ಭಾನುವಾರ ಮಾತ್ರ. ಒಂದೇ ಜಾಹೀರಾತು ಎರಡು ಸಲ ಹಾಕುವಂತಿಲ್ಲ. ಶುಭೋದಯದ ಹೂವು ನಿಷಿದ್ಧ. ಹಬ್ಬದ ಶುಭಾಶಯಕ್ಕೆ ವಿನಾಯಿತಿ, ವಿಭಾಗದ ಮುಖ್ಯಸ್ಥರ ಹುಟ್ಟುಹಬ್ಬಕ್ಕೆ ಕಡ್ಡಾಯ. ರಾಜಕೀಯ, ಧರ್ಮ, ‘ಶೈಕ್ಷಣಿಕವಲ್ಲದ ವಿಷಯ’ ಕೂಡದು. ಈ ನಿಯಮಗಳಲ್ಲಿ ಒಂದಾದರೂ ಜಾಹೀರಾತು ನಿಜವೋ ಸುಳ್ಳೋ ಎಂದು ಕೇಳುವುದಿಲ್ಲ. ಭಾನುವಾರ ಬಂದ ಮೋಸಕ್ಕೆ ಸ್ವಾಗತ, ಸೋಮವಾರ ಬಂದ ಸತ್ಯಕ್ಕೆ ಎಚ್ಚರಿಕೆ.

7.3 ‘ಈ ಅಧ್ಯಯನಕ್ಕಾಗಿ ರೋಗಿಗಳ ಮೇಲಾಗಲಿ, ಇತರ ಮನುಷ್ಯರ ಮೇಲಾಗಲಿ, ಪ್ರಾಣಿಗಳ ಮೇಲಾಗಲಿ ಯಾವುದಾದರೂ ಪ್ರಯೋಗ ನಡೆಸಬೇಕೇ? ಹೌದಾದರೆ ವಿವರಿಸಿ’ ಎಂದು ನಮೂನೆ ಕೇಳುತ್ತದೆ.

ಹೌದು. ಇತರ ಮನುಷ್ಯರ ಮೇಲೆ, ಮತ್ತು ಅದು ಬಹಳ ವರ್ಷಗಳಿಂದ ನಡೆಯುತ್ತಿದೆ.

ನಮ್ಮ ಗುಂಪಿನಲ್ಲಿ ಒಂದು ರಾತ್ರಿ ಗೃಹವೈದ್ಯನೊಬ್ಬ ‘ಯಾರಿಗಾದ್ರೂ ಸ್ಟೈಪೆಂಡ್ ಬಂತಾ?’ ಎಂದು ಬರೆದ. ಅಷ್ಟೇ. ಕೆಳಗೆ ನಾಲ್ಕಾರು ‘ಇಲ್ಲ’ಗಳು ಬಿದ್ದವು. ಬೆಳಗಾಗುವುದರೊಳಗೆ ಹಿರಿಯ ಅಡ್ಮಿನ್ ಒಬ್ಬರು ಎಲ್ಲವನ್ನೂ ಅಳಿಸಿ, ‘ಇದು ಶೈಕ್ಷಣಿಕ ಗುಂಪು, ದಯವಿಟ್ಟು ರಾಜಕೀಯ ಬೇಡ’ ಎಂದು ಹಾಕಿದ್ದರು. ಅದರ ಮೇಲಿದ್ದ ಎರಡನೇ ಲೇಖಕನ ಸ್ಥಾನದ ಮಾರಾಟ ಹಾಗೇ ಇತ್ತು. ಅದು ಶೈಕ್ಷಣಿಕ.

2020ರ ಕೊರೊನಾ ಕಾಲದಲ್ಲಿ ದಾವಣಗೆರೆಯಲ್ಲಿ ನಡೆದದ್ದನ್ನು ನಾವು ಇಷ್ಟು ಬೇಗ ಮರೆಯಬಾರದಿತ್ತು. ಮಾರ್ಚ್ 22ರ ಸಂಜೆ ದೇಶ ತಟ್ಟೆ ಬಡಿದು ವೈದ್ಯರಿಗೆ ಚಪ್ಪಾಳೆ ತಟ್ಟಿತು. ಆ ಬೇಸಿಗೆ ಕಳೆದು ಮಳೆ ಹಿಡಿಯುವ ಹೊತ್ತಿಗೆ ಜೆಜೆಎಂ ಕಾಲೇಜಿನ ಗೃಹವೈದ್ಯರು, ಸ್ನಾತಕೋತ್ತರ ವಿದ್ಯಾರ್ಥಿಗಳು ಹದಿನಾರು ತಿಂಗಳ ಶಿಷ್ಯವೇತನ ಬಂದಿಲ್ಲವೆಂದು ಜಯದೇವ ವೃತ್ತದಲ್ಲಿ ಧರಣಿ ಕೂತಿದ್ದರು. ಕೊಡಬೇಕಾದದ್ದು ಸರ್ಕಾರವೋ ಆಡಳಿತ ಮಂಡಳಿಯೋ ಎಂಬ ಜಿಜ್ಞಾಸೆ ನಡೆದಿತ್ತು. ಜಿಜ್ಞಾಸೆ ಮಾಡುವವರಿಗೆ ತಿಂಗಳ ಸಂಬಳ ಬರುತ್ತಿತ್ತು. ಮುಖಗವಸು ಹಾಕಿಕೊಂಡು, ದೂರ ದೂರ ಕೂತು, ಮೆಸ್ ಬಿಲ್ಲಿನ ಸಾಲ ಲೆಕ್ಕ ಹಾಕುತ್ತಿದ್ದವರಿಗೆ ಬರುತ್ತಿರಲಿಲ್ಲ.

ರಾತ್ರಿ ಪಾಳಿಯ ಜಾಹೀರಾತಿಗೆ ಇವರು ಯಾಕೆ ಬೀಳುತ್ತಾರೆ, ಹೆಸರು ಕೊಂಡುಕೊಳ್ಳಲು ಯಾಕೆ ಸಾಲ ಮಾಡುತ್ತಾರೆ ಎಂದು ತಿಳಿಯಲು ಬಹುಶಿಸ್ತೀಯ ಪರಿಪ್ರೇಕ್ಷ್ಯ ಬೇಕಿಲ್ಲ. ಮಾಡಿದ ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಕೊಡದ ಊರಲ್ಲಿ ಯಾರು ಏನು ಆಸೆ ತೋರಿಸಿದರೂ ಕೈ ಚಾಚಬೇಕಾಗುತ್ತದೆ. ಬ್ಯಾಂಕಿನ ಮೆಸೇಜಿಗಾಗಿ ಫೋನು ನೋಡಿ ನೋಡಿ, ಕೊನೆಗೆ ಆ ಫೋನಿನಲ್ಲೇ ಇನ್ಯಾವುದೋ ನಂಬರಿಗೆ ‘ಆಸಕ್ತಿ ಇದೆ ಸರ್’ ಎಂದು ಬರೆಯುತ್ತಾರೆ. ಇದನ್ನು ನೋಡಿಯೂ ನಾವು ಭಾನುವಾರ, ಸೋಮವಾರ ಎಂದು ನಿಯಮ ಮಾಡಿಕೊಂಡು ಕೂತಿದ್ದೆವು.

ಆದ್ದರಿಂದ ನಮ್ಮ ಗುಂಪಿನ ನಿಯಮ ತಿದ್ದಿದ್ದೇವೆ, ಹಿರಿಯ ಅಡ್ಮಿನ್ನರಿಗೆ ಬೇಸರವಾದರೂ. ಆಸ್ಪತ್ರೆಯ ಹೆಸರು, ಸಂಬಳದ ಅಂಕಿ, ಪಾಳಿಯ ಗಂಟೆ, ಈ ಮೂರರಲ್ಲಿ ಒಂದಿಲ್ಲದಿದ್ದರೂ ಆ ಹುದ್ದೆಯ ಸುದ್ದಿ ಯಾವ ವಾರ ಬಂದರೂ ಉಳಿಯುವುದಿಲ್ಲ. ಸಂಶೋಧನೆಗೆ ಕರೆಯುವವರು ಯಾರು ಯಾವ ಕೆಲಸ ಮಾಡಬೇಕು, ನೈತಿಕ ಸಮಿತಿಯ ಒಪ್ಪಿಗೆ ಆಗಿದೆಯೇ, ದುಡ್ಡು ಯಾರ ಕೈಯಿಂದ ಯಾರ ಕೈಗೆ ಎಂದು ಗುಂಪಿನಲ್ಲೇ ಬರೆಯಬೇಕು, ಇನ್‌ಬಾಕ್ಸಿನಲ್ಲಲ್ಲ. ಸ್ಟೈಪೆಂಡಿನ ಪ್ರಶ್ನೆಯನ್ನು ಯಾರೂ ಅಳಿಸುವಂತಿಲ್ಲ. ದುಡ್ಡು ಬರುವ ತನಕ ಅದು ಮೇಲೆ ಪಿನ್ ಆಗಿರುತ್ತದೆ.

ನಿಯಮ ಬಂದ ಮೇಲೆ ಜಾಹೀರಾತುಗಳು ಕಡಿಮೆಯಾಗಿವೆ. ನರ್ಸಿಂಗ್ ಹೋಂ ಒಂದರ ಮ್ಯಾನೇಜರು ಫೋನ್ ಮಾಡಿದ್ದರು. ‘ಅಲ್ರೀ ಡಾಕ್ಟ್ರೆ, ಸಂಬಳ ಬರೆದು ಹಾಕಿದ್ರೆ ಈಗ ನಮ್ಮಲ್ಲಿರೋ ಡಾಕ್ಟ್ರು ನೋಡಿಬಿಡ್ತಾರಲ್ರೀ!’

10. ಮಾರ್ಗದರ್ಶಕರ ಅಭಿಪ್ರಾಯ: ವಿಷಯ ಸಮಯೋಚಿತವಾಗಿದೆ. ವರ್ಗೀಕರಣಕ್ಕೆ ಕೋಷ್ಟಕ ಸೇರಿಸಿ, 7.3ರಿಂದ ಮುಂದಿನದನ್ನು ತೆಗೆದು ಮತ್ತೆ ತನ್ನಿ.