ಭೀಮನ ತೊಡೆ

ಮುಧೋಳದ ರನ್ನ ತನ್ನ ಗದಾಯುದ್ಧದಲ್ಲಿ ಭೀಮನ ಕೈಯಿಂದ ದುರ್ಯೋಧನನ ತೊಡೆ ಮುರಿಸಿದ. ಕೊಣ್ಣೂರಿನ ನಮ್ಮ ಮನೆಯಲ್ಲಿ ಭೀಮನ ತೊಡೆಗೇ ಕುತ್ತು ಬಂತು. ಗದೆ ಹಿಡಿದವರು ನಾವೇ. ಅದೂ ತುಪ್ಪ ಸವರಿದ ಗದೆ.

ಭೀಮ ಎಂದರೆ ಲ್ಯಾಬ್ರಡಾರ್. ಮಗ ಬೆಂಗಳೂರಿನಿಂದ ತಂದು ಬಿಟ್ಟುಹೋದ ಮರಿ. "ದೊಡ್ಡ ಜಾತಿ ಅಪ್ಪಾ, ಚಲೋತ್ನಾಗ ಹಾಕ್ರಿ" ಎಂದಿದ್ದ. ಈ ಮಾತನ್ನು ನಮ್ಮ ಕಡೆಯವರಿಗೆ ಎರಡು ಸಲ ಹೇಳಬೇಕಿಲ್ಲ. ಬೆಳಗ್ಗೆ ಹಾಲಲ್ಲಿ ಮುರಿದ ಜೋಳದ ರೊಟ್ಟಿ, ಮೇಲೊಂದು ಚಮಚ ತುಪ್ಪ, ಮಧ್ಯಾಹ್ನ ಮೊಸರನ್ನ, ಸಂಜೆ ಬಂದು ಹೋಗುವವರ ಬಿಸ್ಕೀಟು. ಎಲುಬು ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಬಾಟಲಿ ಬೇರೆ. ಎಂಟು ತಿಂಗಳಿಗೆ 38 ಕಿಲೋ.

ಒಂದು ದಿನ ಭೀಮ ಹಿಂಗಾಲೆರಡನ್ನೂ ಜೋಡಿಸಿ ಮೊಲದಂತೆ ಕುಪ್ಪಳಿಸತೊಡಗಿದ. ನಾವು ಮೆಚ್ಚಿ ವಿಡಿಯೊ ಮಾಡಿ ಮಗನಿಗೆ ಕಳಿಸಿದೆವು. ಆಮೇಲೆ ಬೆಳಗ್ಗೆ ಏಳುವುದೇ ಕಷ್ಟವಾಯಿತು. ಟೈಲ್ಸ್ ಮೇಲಂತೂ ನಾಲ್ಕು ಕಾಲು ನಾಲ್ಕು ದಿಕ್ಕಿಗೆ. ಓಣಿಯವರಲ್ಲಿ ಒಬ್ಬರು ವಾಯು ಎಂದರು, ಒಬ್ಬರು ದೃಷ್ಟಿ ಎಂದರು. ಅರ್ಧ ರೊಟ್ಟಿಯಲ್ಲಿ ದಿನ ದೂಡುವ ಪಕ್ಕದ ಮನೆಯ ಮುಧೋಳ ನಾಯಿ, ಅಂಚೆಚೀಟಿಯ ಮೇಲಿಂದ ಈಗಷ್ಟೇ ಇಳಿದು ಬಂದಂತೆ ನಿಂತು ನೋಡುತ್ತಿತ್ತು. 2005ರಲ್ಲಿ ಅದರ ಜಾತಿಗೆ ಆ ಗೌರವ ಸಂದಿದೆ. ಭೀಮನದು ಸೊಂಟದ ಕಾಯಿಲೆ ಎಂದು ಆಮೇಲೆ ತಿಳಿಯಿತು; ಅದೂ ಅಂಥ ಬೇಟೆನಾಯಿಗಳ ಹತ್ತಿರ ಸುಳಿಯುವುದು ಅಪರೂಪ.

ಹುಬ್ಬಳ್ಳಿಯಲ್ಲಿ ಎಕ್ಸ್‌ರೇ ತೆಗೆಸಿದೆವು. "ಒರಳಾಗ ಗುಂಡು ಕೂತಂಗ ತೊಡಿ ಎಲುಬಿನ ತಲಿ ಸೊಂಟದಾಗ ಕೂಡಬೇಕ್ರಿ. ಇಲ್ಲಿ ಒರಳು ಚಪ್ಪಟಿ, ಗುಂಡು ಜಾರಾಕತ್ತೈತಿ. ಹಿಪ್ ಡಿಸ್‌ಪ್ಲೇಸಿಯಾ" ಎಂದರು ಡಾಕ್ಟರು.

"ಯಾಕ ಬಂತ್ರಿ?"

"ಬೀಜದಾಗ ಬಂದದ್ದು. ನೀರು ಗೊಬ್ಬರ ಹಾಕಿದವ್ರು ನೀವು."

ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಕಾಲುಭಾಗ ಕಡಿಮೆ ಹಾಕಿ ಜೀವಮಾನವಿಡೀ ನೋಡಿದರಂತೆ. ಕಡಿಮೆ ಉಂಡವು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಅವುಗಳ ಕೀಲುನೋವೂ ತಡವಾಗಿ ಬಂತು. ನಮಗೆ ಬಂದ ಅಪ್ಪಣೆ: ತೂಕ ಇಳಿಸಿ, ಕ್ಯಾಲ್ಸಿಯಂ ನಿಲ್ಲಿಸಿ, ಮೆಟ್ಟಿಲು ಹತ್ತಿಸಬೇಡಿ, ಈಜಿಸಿ, ಟೈಲ್ಸ್ ಮೇಲೆ ಜಾರಗೊಡಬೇಡಿ.

ಅರ್ಧ ಊಟ ಎಂದಕೂಡಲೇ ಅವ್ವ ಸಿಡಿದಳು: "ಕೂಸಿನ ಹೊಟ್ಟಿ ಮ್ಯಾಲೆ ಹೊಡ್ಯಾಕ ಅವರಿಗೆ ರೊಕ್ಕಾ ಬ್ಯಾರೆ ಕೊಟ್ಟು ಬಂದಿಯೇನು?"

ಈಜಿಗೆ ಕಾಲುವೆ ಇತ್ತು. ಭೀಮ ನೀರಲ್ಲಿ, ನಾನು ಹಗ್ಗ ಹಿಡಿದು ದಂಡೆಯ ಎರೆಮಣ್ಣಲ್ಲಿ ಮೊಣಕಾಲವರೆಗೆ. ತೊಡಕಾದದ್ದು ಟೈಲ್ಸ್. 2019ರಲ್ಲಿ ಮಲಪ್ರಭೆ ಊರೊಳಗೆ ಬಂದಾಗ ಮಣ್ಣಿನ ಗೋಡೆಯ ಹಳೇ ಮನೆ ಕುಸಿದಿತ್ತು. ಹೊಸ ಮನೆಗೆ ಮುಖ ಕಾಣುವಂಥ ಟೈಲ್ಸ್ ಹಾಕಿಸಿದ್ದೆ. ಬಂದವರೆಲ್ಲ ಮೊದಲು ನೆಲ ನೋಡಿ ಹೊಗಳಿ, ಆಮೇಲೆ ಜಾರುತ್ತಿದ್ದರು. ಈಗ ಟ್ರಂಕು ತೆಗೆದು, ಅವ್ವ ಹಳೇ ಇಳಕಲ್ ಸೀರೆಗಳಲ್ಲಿ ಹೊಲಿದಿದ್ದ ಕೌದಿಗಳನ್ನೆಲ್ಲ ತಲಬಾಗಿಲಿನಿಂದ ಅಡಿಗೆಮನೆಯವರೆಗೆ ಸಾಲಾಗಿ ಹಾಸಿದೆವು. "ಮನ್ಯಾಗ ಮದುವಿ ಐತೇನ್ರಿ?" ಎಂದು ಕೇಳುವವರಿಗೆ ಹೆಂಡತಿ ಉತ್ತರ ಕೊಡುವುದನ್ನೇ ಬಿಟ್ಟಳು.

ಮೂರು ತಿಂಗಳಲ್ಲಿ ಆರು ಕಿಲೋ ಇಳಿಯಿತು. ಭೀಮ ಈಗ ಒಂದೇ ಏಟಿಗೆ ಏಳುತ್ತಾನೆ.

ಮೊನ್ನೆ ಸಂಜೆ ಅವ್ವ ಚಹಾದ ಲೋಟ ಹಿಡಿದು ಅಡಿಗೆಮನೆಯಿಂದ ಬಂದಳು, ಪಡಸಾಲೆಯ ನಟ್ಟನಡುವೆ, ಕೌದಿಯ ಮೇಲೆ. ಹೊಸ ಮನೆಗೆ ಬಂದಾಗಿನಿಂದ ಅವಳು ಗೋಡೆ ಹಿಡಿದೇ ನಡೆಯುತ್ತಿದ್ದಳು. ವಯಸ್ಸಾಯಿತು ಅಂದುಕೊಂಡಿದ್ದೆವು. ಗೋಡೆಯುದ್ದಕ್ಕೂ ಮೂಡಿದ ಅವಳ ಕೈಯ ಎಣ್ಣೆಕಲೆಗೆ ಎರಡು ಸಲ ಬಣ್ಣವನ್ನೂ ಹೊಡೆಸಿದ್ದೆವು.

"ಏನಬೇ, ಗ್ವಾಡಿ ಬಿಟ್ಟಿ?" ಎಂದೆ.

"ನಾಯಿ ದಾರಿ ಚಲೋ ಐತೆಪಾ" ಎಂದಳು.