ಹದಿನೈದು ಕೆ.ಜಿ. ರಾಯರು

ಪ್ರತಿ ಬಡಾವಣೆಯಲ್ಲೂ ಇಂಥ ಒಬ್ಬ ರಾಯರಿರುತ್ತಾರೆ. ಊರಿಗೆ ಹೋಗುವುದಕ್ಕಿಂತ ಹೊರಡುವುದರಲ್ಲೇ ಅವರಿಗೆ ಹೆಚ್ಚು ಸುಖ. ಧರ್ಮಸ್ಥಳಕ್ಕೆ ಒಂದು ರಾತ್ರಿಯ ಬಸ್ಸಾದರೂ ಸರಿ, ವಾರದ ಮುಂಚೆಯೇ ಟಾರ್ಚಿಗೆ ಸೆಲ್ಲು ಹಾಕಿ, ಹಚ್ಚಿ, ಆರಿಸಿ, ಮತ್ತೆ ಹಚ್ಚಿ ನೋಡಿಕೊಳ್ಳುತ್ತಾರೆ. ನಮ್ಮ ಬೀದಿಯ ರಾಯರು ಬ್ಯಾಂಕಿನ ಆಡಿಟ್ ವಿಭಾಗದಿಂದ ನಿವೃತ್ತರಾದವರು, ಆದ್ದರಿಂದ ಕಾಯಿಲೆ ಸ್ವಲ್ಪ ಜಾಸ್ತಿ. ಅಂಥವರಿಗೆ ಮಗಳು ಕೀನ್ಯಾ ಪ್ರವಾಸ ಬುಕ್ ಮಾಡಿಕೊಟ್ಟಳು. ಮೊದಲು ಮಸಾಯಿ ಮಾರಾದಲ್ಲಿ ಸಫಾರಿ, ಆಮೇಲೆ ಮೊಂಬಾಸಾದ ದಕ್ಷಿಣಕ್ಕಿರುವ ಡಯಾನಿ ಬೀಚು. ರಾಯರ ಕಣ್ಣಿಗೆ ಅದು ಒಂದು ಪ್ರವಾಸವಾಗಿ ಕಾಣಲೇ ಇಲ್ಲ. ಎರಡು ಪಟ್ಟಿಗಳಾಗಿ ಕಂಡಿತು.

ಕಾಡಿನ ಪಟ್ಟಿ ಮೊದಲು. ಮೊಣಕಾಲ ಹತ್ತಿರ ಜಿಪ್ ತೆಗೆದರೆ ಚಡ್ಡಿಯಾಗುವ ಪ್ಯಾಂಟು, ಗಲ್ಲಕ್ಕೆ ದಾರ ಕಟ್ಟುವ ಅಗಲ ಟೋಪಿ, ಮೈತುಂಬ ಜೇಬುಗಳಿರುವ ಒಂದು ಜಾಕೀಟು. ಇವುಗಳ ಜೊತೆಗೆ, ಹುಲಿಗೂ ಗೊತ್ತಾಗಬಾರದೆಂದು, ಹಸಿರು-ಕಂದು ಮಚ್ಚೆಗಳ ಮಿಲಿಟರಿ ಪ್ಯಾಂಟು. ಆಫ್ರಿಕದ ಕಾಡಿನಲ್ಲಿ ಹುಲಿಯೇ ಇಲ್ಲವೆಂದು ಯಾರೂ ಅವರಿಗೆ ಹೇಳಲು ಹೋಗಲಿಲ್ಲ. ಮಗಳು ಮಾತ್ರ ಫೋನಿನಲ್ಲಿ ಕೂಗಿದಳು: “ಅಪ್ಪಾ, ಅಲ್ಲಿ ಮಿಲಿಟರಿ ಬಟ್ಟೆ ನಾವು ಹಾಕ್ಕೊಳ್ಳೋ ಹಾಗಿಲ್ಲ, ಪೊಲೀಸ್ನೋರು ಹಿಡೀತಾರೆ!” ಪ್ಯಾಂಟು ಪಟ್ಟಿಯಿಂದ ಹೊರಬಿತ್ತು. ಅದರ ಹಿಂದೆಯೇ ರಾಯರ ಜೀವಮಾನದ ಸಂಪಾದನೆಯಾದ ಕಡುನೀಲಿ ಪ್ಯಾಂಟುಗಳೆಲ್ಲ ಹೊರಬಿದ್ದವು. ಆ ಕಡೆಯ ಟ್ಸೆಟ್ಸೆ ನೊಣಕ್ಕೆ ನೀಲಿ, ಕಪ್ಪು ಬಣ್ಣ ಕಂಡರೆ ಪ್ರೀತಿ. ಅದನ್ನು ಹಿಡಿಯುವ ಬಲೆಗಳನ್ನೂ ನೀಲಿ, ಕಪ್ಪು ಬಟ್ಟೆಯಲ್ಲೇ ಮಾಡುತ್ತಾರೆ. ಕೊನೆಗೆ ಉಳಿದದ್ದು ಖಾಕಿಯೊಂದೇ. ಅಂಗಿ, ಪ್ಯಾಂಟು, ಟೋಪಿ ಎಲ್ಲ ಏರಿಸಿಕೊಂಡು ಹಾಲಿನಲ್ಲಿ ನಿಂತಾಗ ಮನೆಯಾಕೆ ಸೊಪ್ಪು ಬಿಡಿಸುತ್ತ ತಲೆ ಎತ್ತಿದರು.

“ಮೆಜೆಸ್ಟಿಕ್ಕಿಗೆ ಎರಡು ಕೊಡಿ.”

ರಾಯರು ನಗಲಿಲ್ಲ. ತೂಕದ ಚಿಂತೆಯಲ್ಲಿದ್ದರು.

ತೂಕವೇ ಈ ಕಥೆಯ ಖಳನಾಯಕ. ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಮಾರಾಕ್ಕೆ ಹಾರುವುದು ಹತ್ತು ಹನ್ನೆರಡು ಸೀಟಿನ ಪುಟ್ಟ ವಿಮಾನ; ಇಳಿಯುವುದು ಹುಲ್ಲುಗಾವಲಿನ ನಡುವಿನ ಮಣ್ಣಿನ ಪಟ್ಟಿಯ ಮೇಲೆ. ತಲೆಗೆ 15 ಕೆ.ಜಿ. ಮಾತ್ರ, ಕೈಚೀಲವೂ ಸೇರಿ. ಅದೂ ಮೆತ್ತನೆ ಬ್ಯಾಗೇ ಆಗಬೇಕು. ವಿಮಾನದ ಹೊಟ್ಟೆಯೊಳಗಿನ ಚಿಕ್ಕ ಗೂಡಿಗೆ ಒತ್ತಿ ತುರುಕಬೇಕಲ್ಲ, ಗಟ್ಟಿ ಪೆಟ್ಟಿಗೆ ಅಲ್ಲಿ ಹಿಡಿಸುವುದಿಲ್ಲ. ರಾಯರ ಹತ್ತಿರ ಇದ್ದದ್ದು ನಾಲ್ಕು ಚಕ್ರದ, ನಂಬರ್ ಲಾಕಿನ, ಮೇಲೆ ಆನೆ ಕೂತರೂ ಒಡೆಯದು ಎಂದು ಅವರೇ ಸಾರುತ್ತಿದ್ದ ಟ್ರಾಲಿ.

ಕೊಕ್ಕೆಗೆ ನೇತುಹಾಕಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ತರಿಸಿದರು. ದಿನಾ ಸಂಜೆ ತೂಕ. ಸಾಕ್ಷಿಗೆ ಬೀದಿಯವರಲ್ಲಿ ಯಾರಾದರೊಬ್ಬರು ಬೇಕು, ಒಮ್ಮೆ ನನ್ನನ್ನೂ ಕರೆದಿದ್ದರು. ರಾಯರು ಉಸಿರು ಬಿಗಿಹಿಡಿದು ಬ್ಯಾಗನ್ನು ಎತ್ತುತ್ತಾರೆ. ಕುತ್ತಿಗೆಯ ನರ ಉಬ್ಬುತ್ತದೆ. ಅಂಕಿ ಮಾತ್ರ ಒಂದು ಕಡೆ ನಿಲ್ಲುವುದಿಲ್ಲ. “ಬೇಗ ಓದಿ ಸ್ವಾಮಿ!” 16.4. ಬ್ಯಾಗು ಕೆಳಗೆ. ಎರಡು ಬನಿಯನ್ನು ಹೊರಗೆ. 16.2. ಬೈನಾಕ್ಯುಲರ್ ಜಾಕೀಟಿನ ಜೇಬಿಗೆ. 15.3. ಔಷಧಿ ಡಬ್ಬಿಯೂ ಜೇಬಿಗೆ, ಚಾರ್ಜರೂ ಜೇಬಿಗೆ, ಅಲ್ಲಿಯ ಮೂರು ಚಪ್ಪಟೆ ಕಡ್ಡಿಯ ಪ್ಲಗ್ಗೂ ಜೇಬಿಗೆ. 14.9! ಬ್ಯಾಗು ಪಾಸಾಯಿತು. ರಾಯರು ಮಾತ್ರ ಆ ಜಾಕೀಟು ಹಾಕಿಕೊಂಡು ಸೋಫಾದಿಂದ ಏಳಲು ಕೈ ಕೊಡಬೇಕಾಯಿತು.

ಈ ಮಧ್ಯೆ ಮನೆಯಾಕೆಯ ತಯಾರಿ ಸದ್ದಿಲ್ಲದೆ ನಡೆದಿತ್ತು. ಅವರಿಗೆ ಅಡ್ಡಿಯಾದದ್ದು ಒಂದೇ. ಕೀನ್ಯಾ 2017ರಲ್ಲೇ ಪ್ಲಾಸ್ಟಿಕ್ ಕವರುಗಳನ್ನು ನಿಷೇಧಿಸಿದೆ. ಚಪ್ಪಲಿಗೊಂದು ಕವರು, ಎಣ್ಣೆ ಬಾಟಲಿಗೆ ಎರಡು, ಆ ಎರಡಕ್ಕೂ ಸೇರಿ ಮೇಲೊಂದು ಎಂದು ಬೆಳೆದುಬಂದ ನಮ್ಮ ಹೆಂಗಸರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಏನಿದೆ! ಆಕೆ ಹಳೇ ಸೀರೆ ಹರಿದು ಚೀಲ ಹೊಲಿದುಕೊಂಡರು. ಚಟ್ನಿಪುಡಿ ಸ್ಟೀಲ್ ಡಬ್ಬಿಗೆ ಹೋಯಿತು. “ಖಾಲಿ ಡಬ್ಬಿಯೇ ಕಾಲು ಕೆ.ಜಿ. ಇದೆ ಕಣೇ” ಎಂದು ರಾಯರು ಆಕ್ಷೇಪಣೆ ಎತ್ತಿದರು. “ನನ್ನ ಕಾಲು ಕೆ.ಜಿ. ಅಲ್ವೇನ್ರೀ” ಎಂದು ಆಕೆ ಮುಚ್ಚಳ ತಿರುಗಿಸಿದರು. ಮೇಲೆ ಎರಡು ಸ್ವೆಟರು, ರಾಯರ ಮಂಕಿ ಟೋಪಿ.

“ಭೂಮಧ್ಯರೇಖೆಯಲ್ಲಿ ಮಂಕಿ ಟೋಪಿಯೇ?”

“ತಗೊಂಡಿರ್ತೀನಿ.”

ಹಳದಿ ಜ್ವರದ ಚುಚ್ಚುಮದ್ದಿನ ವಿಷಯದಲ್ಲಿ ಮಾತ್ರ ರಾಯರಿಗೆ ಪೂರ್ತಿ ಅಂಕ ಕೊಡಬೇಕು. ಹಾಕಿಸಿಕೊಂಡು 10 ದಿನವಾದ ಮೇಲಷ್ಟೇ ಸರ್ಟಿಫಿಕೇಟಿಗೆ ಬೆಲೆ, ಅದಿಲ್ಲದೆ ಆ ಕಡೆಯಿಂದ ಬಂದಿಳಿದರೆ ಇಲ್ಲಿ 6 ದಿನದವರೆಗೆ ಪ್ರತ್ಯೇಕ ಕೂರಿಸುತ್ತಾರೆ. ರಾಯರು ಎರಡು ತಿಂಗಳು ಮುಂಚೆಯೇ ಹಾಕಿಸಿಕೊಂಡರು, ನಾಲ್ಕು ಝೆರಾಕ್ಸ್ ತೆಗೆಸಿದರು.

ಇನ್ನು ಕಡಲು. ರಾಯರಿಗೂ ಸಮುದ್ರಕ್ಕೂ ಇದ್ದ ಸಂಬಂಧ ಮಲ್ಪೆಯಲ್ಲಿ ಪ್ಯಾಂಟು ಮಡಚಿ ಹಿಮ್ಮಡಿ ನೆನೆಸಿಕೊಂಡದ್ದು, ಅಷ್ಟೆ. ಆದರೆ ಪಟ್ಟಿಗೆ ಅದು ಗೊತ್ತಿಲ್ಲವಲ್ಲ. ಬೇಗ ಒಣಗುವ ಚಡ್ಡಿ ಮೂರು, ಗಿಣಿ ಕೂತ ಹೂವಿನ ಅಂಗಿ ಎರಡು, ನೀರೊಳಗೆ ನೋಡುವ ಕನ್ನಡಕ, ಗಾಳಿ ತುಂಬುವ ದಿಂಬು, ಸನ್‌ಸ್ಕ್ರೀನು. ಇಷ್ಟನ್ನೂ 15 ಕೆ.ಜಿ.ಯಲ್ಲಿ ತೂರಿಸುವುದು ಬ್ರಹ್ಮನಿಗೂ ಆಗದ ಕೆಲಸ. ಆಗಲೇ ರಾಯರಿಗೆ ಆ ಉಪಾಯ ಹೊಳೆದದ್ದು. ಕಾಡಿನದು ಮೆತ್ತನೆ ಬ್ಯಾಗಿನಲ್ಲಿ. ಕಡಲಿನದು ಟ್ರಾಲಿಯಲ್ಲಿ. ಟ್ರಾಲಿಯನ್ನು ನೈರೋಬಿಯ ಹೋಟೆಲಿನಲ್ಲೇ ಬಿಟ್ಟು, ಕಾಡು ಮುಗಿಸಿ ಬಂದು, ಅದನ್ನೆತ್ತಿಕೊಂಡು ಕಡಲಿಗೆ! ಬೀದಿಗೆಲ್ಲ ಹೇಳಿಕೊಂಡು ಬಂದರು. ಎಲ್ಲರೂ ತಲೆದೂಗಿದೆವು.

ಮುಂದಿನದು ರಾಯರು ಹೇಳುವುದು ಒಂದು ತರಹ, ಆಕೆ ಹೇಳುವುದು ಒಂದು ತರಹ. ಎರಡಕ್ಕೂ ಹೊಂದುವಷ್ಟನ್ನು ಬರೆಯುತ್ತೇನೆ. ಮಾರಾ ಇರುವುದು 1,500 ಮೀಟರಿಗೂ ಮೇಲೆ, ನಮ್ಮ ಬೆಂಗಳೂರಿಗಿಂತ ಎಷ್ಟೋ ಎತ್ತರ. ಜುಲೈ ತಿಂಗಳ ನಸುಕಿನಲ್ಲಿ ತೆರೆದ ಜೀಪು ಹೊರಟ ಐದೇ ನಿಮಿಷಕ್ಕೆ ರಾಯರು ಎಡಗೈ ಚಾಚಿದರಂತೆ, ಮಾತಿಲ್ಲದೆ. ಆಕೆ ಅದರೊಳಗೆ ಮಂಕಿ ಟೋಪಿ ಇಟ್ಟರಂತೆ, ಮಾತಿಲ್ಲದೆ. ಸಾವಿರಗಟ್ಟಲೆ ವಿಲ್ಡೆಬೀಸ್ಟುಗಳು ಮಾರಾ ನದಿಗೆ ಧುಮುಕುವ ಹೊತ್ತಿಗೆ ರಾಯರು ಬೈನಾಕ್ಯುಲರಿಗಾಗಿ ಒಂದೊಂದೇ ಜೇಬು ತಡಕುತ್ತಿದ್ದರು. ಸಿಕ್ಕಾಗ ಆಚೆ ದಡದಲ್ಲಿ ಧೂಳು ಚೆನ್ನಾಗಿ ಕಾಣಿಸಿತು.

ನಾಲ್ಕನೇ ದಿನ ಮಣ್ಣಿನ ಪಟ್ಟಿಯಿಂದ ವಿಮಾನ ಎದ್ದಿತು. ಬಹಳ ಹೊತ್ತಾದರೂ ನೈರೋಬಿ ಬರಲಿಲ್ಲ. ಕೆಳಗೆ ನೀಲಿ ಕಂಡಿತು. ರಾಯರು ಟಿಕೆಟ್ ತೆಗೆದು, ಕನ್ನಡಕ ಒರೆಸಿ ಓದಿದರು: ಮಾರಾದಿಂದ ನೇರ ಡಯಾನಿ. ನೈರೋಬಿ ಬರುವುದು ಕೊನೆಯಲ್ಲಿ, ಊರಿಗೆ ಹೊರಡುವ ದಿನ. ಟಿಕೆಟಿಗೂ ನಾಲ್ಕು ಝೆರಾಕ್ಸ್ ಇದ್ದವು.

ಹಿಟ್ಟಿನಂಥ ಬಿಳಿ ಮರಳು, ತೆಂಗಿನ ಮರ, ಅರೆಬಟ್ಟೆಯ ಜನ. ನಡುವೆ ಬೂಟು, ಖಾಕಿ, ಟೋಪಿ, ಉಬ್ಬಿದ ಜೇಬುಗಳ ರಾಯರು. ಅವರು ಹತ್ತಿರ ಬಂದರೆ ಮಣಿಸರ ಮಾರುವ ಹುಡುಗರು ಚದುರುತ್ತಿದ್ದರಂತೆ, ಯಾರೋ ಇಲಾಖೆಯವರೆಂದು. ಮಧ್ಯಾಹ್ನದ ಹೊತ್ತಿಗೆ ಬೆವರು ತಡೆಯಲಾಗದೆ ಅವರು ದಡದ ಅಂಗಡಿಯಲ್ಲಿ ಒಂದು ಕಿಕೋಯ್ ಕೊಂಡರು. ಅದು ಆ ಕರಾವಳಿಯ ಗಂಡಸರು ಸೊಂಟಕ್ಕೆ ಸುತ್ತುವ ಪಟ್ಟೆಪಟ್ಟೆ ಹತ್ತಿ ಬಟ್ಟೆ. ಅಂಚಿನ ಕುಚ್ಚು ಬಿಟ್ಟರೆ ಸಾಕ್ಷಾತ್ ನಮ್ಮ ಲುಂಗಿ. ಅಂಗಡಿಯವನು ಉಡುವುದು ಹೇಗೆಂದು ತೋರಿಸಲು ಹೋದ. ರಾಯರು ಅವನ ಕೈ ಸರಿಸಿ ಒಂದೇ ಬೀಸಿಗೆ ಉಟ್ಟು, ಎತ್ತಿ ಕಟ್ಟಿ, ನೇರ ನೀರಿಗೆ ನಡೆದರು. ಮೊಣಕಾಲು ದಾಟಿ, ಸೊಂಟದವರೆಗೆ. ಆಕೆ ಹೇಳುವ ಪ್ರಕಾರ ಮೂರು ದಿನ ಊಟಕ್ಕೆ ಬಿಟ್ಟರೆ ಮೇಲೆ ಬರಲಿಲ್ಲ.

ವಾಪಸು ಬಂದ ಮೇಲೆ ನೋಡಿಕೊಂಡು ಬರಲು ಹೋಗಿದ್ದೆ. ಟ್ರಾಲಿ ಹಾಲಿನ ಮೂಲೆಯಲ್ಲಿತ್ತು, ಹೂವಿನ ಅಂಗಿಗಳಿಗೆ ಬೆಲೆ ಚೀಟಿ ಹಾಗೇ ಇತ್ತು.

“ಪಟ್ಟೀಲಿ ಏನೂ ತಪ್ಪಿರಲಿಲ್ಲ ಸ್ವಾಮಿ. ವಿಮಾನ ಆ ಕಡೆ ಹೋಯ್ತು ನೋಡಿ” ಎಂದರು ರಾಯರು.

“ಪಾಪ, ಪೆಟ್ಟಿಗೆಯೂ ನೈರೋಬಿ ನೋಡ್ಕೊಂಡು ಬಂತು” ಎಂದು ಒಳಗಿನಿಂದ ಕಾಫಿ ಬಂತು.